ಕಡಲು ಕಾಣುವ ಮನೆ

ಮಹಾಕಾವ್ಯವೆನ್ನಿಸಿಕೊಳ್ಳಬೇಕಾದರೆ ಹದಿನೆಂಟು ಬಗೆಯ ವರ್ಣನೆಗಳು ಇರಬೇಕೆಂದು ನಮ್ಮ ಹಿಂದಿನವರು ವಿಧಿಸಿದ್ದಾರೆ. ಅವುಗಳಲ್ಲಿ ಸಮುದ್ರವೂ ಒಂದು, ಪರ್ವತವೂ ಒಂದು. ಈ ಪಟ್ಟಿಯನ್ನು ಹಲವು ವರ್ಷಗಳಿಂದ ತರಗತಿಯಲ್ಲಿ ಒಪ್ಪಿಸುತ್ತ ಬಂದವನು ನಾನು. ಆದರೆ ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಸೀಮೆಯಲ್ಲಿ. ಸಮುದ್ರವರ್ಣನೆಯ ಪದ್ಯವನ್ನು ಬಿಡಿಸಿ ಹೇಳುವಾಗ ನನ್ನ ಕಣ್ಣ ಮುಂದೆ ನಿಲ್ಲುತ್ತಿದ್ದುದು ನಮ್ಮೂರ ಕೆರೆ. ಅದನ್ನೇ ಮನಸ್ಸಿನಲ್ಲಿ ಹಿಗ್ಗಿಸಿ, ಆಚೆಯ ದಂಡೆಯನ್ನು ಅಳಿಸಿ, ವಿದ್ಯಾರ್ಥಿಗಳಿಗೆ ಸಮುದ್ರವೆಂದು ತೋರಿಸುತ್ತಿದ್ದೆ. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇರಲಿಲ್ಲ. ಮುಧೋಳದ ರನ್ನನೂ ಗದಗಿನ ಕುಮಾರವ್ಯಾಸನೂ ಒಳನಾಡಿನವರೇ. ಸಂಸಾರವನ್ನು ಸಾಗರಕ್ಕೆ ಹೋಲಿಸುವುದಕ್ಕೆ ಸಂಸಾರದ ಪರಿಚಯವಿದ್ದರೆ ಸಾಕು. ಸಾಗರದ ಪರಿಚಯ ಅಷ್ಟೇನೂ ಬೇಕಾಗುವುದಿಲ್ಲ.

ಉದ್ಯೋಗದ ನಿಮಿತ್ತ ಮಂಗಳೂರಿಗೆ ಬಂದಾಗ ಈ ಕೊರತೆಯನ್ನು ಬಡ್ಡಿ ಸಮೇತ ತೀರಿಸಿಕೊಳ್ಳಬೇಕೆಂಬ ಆಸೆ ಹುಟ್ಟಿತು. ಚಿಲಿಂಬಿಯ ಗುಡ್ಡೆಯ ಪಡುವಣ ಇಳಿಜಾರಿನಲ್ಲಿ ಒಂದು ಹಳೆಯ ಹಂಚಿನ ಮನೆ ಮಾರಾಟಕ್ಕಿತ್ತು. ಸಾಲ ಮಾಡಿ ಕೊಂಡೆ. ಜಗಲಿಯಲ್ಲಿ ನಿಂತರೆ ತೆಂಗಿನ ತಲೆಗಳ ನಡುವೆ ಅಂಗೈ ಅಗಲದ ಕಡಲು ಕಾಣುತ್ತಿತ್ತು. ಅಂಗೈ ಅಗಲದ್ದು ಕಂಡವನಿಗೆ ಬೊಗಸೆಯಷ್ಟು ಬೇಕೆನ್ನಿಸುವುದು ಸಹಜ. ಮೂರು ವರ್ಷ ಕಳೆಯುವುದರೊಳಗೆ ಹಂಚಿನ ಮಾಡನ್ನು ಇಳಿಸಿ, ಮೇಲೊಂದು ಮಾಳಿಗೆಯನ್ನು ಎಬ್ಬಿಸಿ, ಪಡುವಣಕ್ಕೆ ದೊಡ್ಡ ಕಿಟಕಿಯನ್ನು ಇಟ್ಟೆ.

ಆ ಕಿಟಕಿಯ ನೋಟವನ್ನು ವಾಚಕರಿಗೆ ತೋರಿಸದೆ ಮುಂದೆ ಹೋಗಲಾರೆ. ಕಾಲ ಕೆಳಗೆ ಉರ್ವ, ಬೋಳೂರುಗಳ ತೆಂಗಿನ ತೋಟಗಳು. ಅವುಗಳ ಆಚೆ ಗುರುಪುರದ ಹೊಳೆ. ಫಲ್ಗುಣಿ ಎಂಬುದು ಅದರ ಇನ್ನೊಂದು ಹೆಸರು. ಹೊಳೆಯ ಈಚೆ ದಡದಲ್ಲಿ ಟಿಪ್ಪುವಿನ ಕಾಲದ ಕಾವಲು ಬುರುಜು, ಸುಲ್ತಾನ್ ಬತ್ತೇರಿ. ಆಚೆ ದಡದಲ್ಲಿ ಹೊಳೆಗೂ ಕಡಲಿಗೂ ನಡುವೆ ಗೆರೆ ಎಳೆದಂತೆ ತಣ್ಣೀರುಬಾವಿಯ ಮರಳ ಪಟ್ಟಿ. ಅದರಾಚೆಗೆ ಕಡಲು. ತೆಂಕಣಕ್ಕೆ ಕಣ್ಣು ಹೊರಳಿಸಿದರೆ ಬೆಂಗರೆ, ಅದರ ತುದಿಯಲ್ಲಿ ನೇತ್ರಾವತಿಯೂ ಗುರುಪುರದ ಹೊಳೆಯೂ ಕೂಡಿ ಕಡಲನ್ನು ಸೇರುವ ಅಳಿವೆ. ಬಡಗಣಕ್ಕೆ ಪಣಂಬೂರು, 1974ರಲ್ಲಿ ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರು ಅಲ್ಲಿದೆ. ಒಳಗೆ ಬರಲು ಸರದಿ ಕಾಯುವ ಹಡಗುಗಳು ದೂರದಲ್ಲಿ ಲಂಗರು ಹಾಕಿ, ಮೇಯುವುದನ್ನು ಮರೆತ ಎಮ್ಮೆಗಳಂತೆ ನಿಂತಿರುತ್ತವೆ.

ಗುಡ್ಡೆಯ ಮೇಲಿನಿಂದ ಕಂಡ ಕಡಲು ದಡದಲ್ಲಿ ಕಂಡ ಕಡಲಲ್ಲ. ಇದರ ಗಣಿತವನ್ನು ನಮ್ಮ ಕಾಲೇಜಿನ ಭೌತಶಾಸ್ತ್ರದ ಗೆಳೆಯರು ವಿವರಿಸಿದರು. ಮರಳಿನ ಮೇಲೆ ನಿಂತವನ ದೃಷ್ಟಿ ನಾಲ್ಕೂವರೆ ಕಿಲೋಮೀಟರಿನಷ್ಟು ದೂರ ಹೋಗುತ್ತದೆ. ಅಲ್ಲಿಗೆ ಭೂಮಿಯ ಗುಂಡು ಅಡ್ಡ ಬರುತ್ತದೆ. ಅವನೇ 50 ಮೀಟರು ಎತ್ತರಕ್ಕೆ ಏರಿದರೆ ದಿಗಂತ 25 ಕಿಲೋಮೀಟರಿಗೆ ಸರಿಯುತ್ತದೆ. ದಡದಲ್ಲಿ ಕಾಣುವುದು ತೆರೆ. ಮೇಲಿನಿಂದ ಕಾಣುವುದು ವಿಸ್ತಾರ. ಸಂಜೆ ಕಿಟಕಿಯ ಬಳಿ ಕುಳಿತಾಗ ನೀರು ಮಲಗಿದೆ ಎಂಬ ಭಾವನೆಯೇ ಬರುವುದಿಲ್ಲ. ಆಕಾಶದ ಅರ್ಧದವರೆಗೆ ಎದ್ದು ನಿಂತ ನೀಲಿಯ ಗೋಡೆಯೊಂದನ್ನು ನೋಡಿದಂತಾಗುತ್ತದೆ.

ಇಂಥ ನೋಟಕ್ಕೆ ತೆರಬೇಕಾದ ಸುಂಕವೂ ಉಂಟು. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬಯಲುಸೀಮೆಯ ಮಳೆ ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಇಲ್ಲಿನದು ಪಡುವಣ ಗಾಳಿಯನ್ನೇರಿ ಅಡ್ಡಕ್ಕೆ ಬರುತ್ತದೆ, ಅದೂ ನೇರವಾಗಿ ಕಿಟಕಿಗೆ. ಮೊದಲ ಮಳೆಗಾಲದಲ್ಲೇ ನನ್ನ ನಿಘಂಟಿನ ರಟ್ಟಿಗೆ ಬೂಷ್ಟು ಹಿಡಿಯಿತು. ಉಪ್ಪುಗಾಳಿಗೆ ಕಿಟಕಿಯ ಸರಳುಗಳು ಎರಡೇ ವರ್ಷದಲ್ಲಿ ಪದರುಪದರಾಗಿ ಉದುರಿದವು. ಜೂನ್ ತಿಂಗಳಲ್ಲಿ ಕಡಲು ಕಾಣುವುದೇ ಇಲ್ಲ. ಬೂದುಬಣ್ಣದ ತೆರೆಯ ಹಿಂದಿನಿಂದ ಅದರ ಮೊರೆತ ಮಾತ್ರ ರಾತ್ರಿಯೆಲ್ಲ ಕೇಳುತ್ತದೆ. ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷಿದ್ಧ. ಆ ಎರಡು ತಿಂಗಳು ಇರುಳಿನಲ್ಲಿ ದೋಣಿಗಳ ದೀಪಗಳೂ ಇಲ್ಲ. ಆಗಸ್ಟಿನಲ್ಲಿ ಮೊದಲ ದೀಪ ಕಂಡ ರಾತ್ರಿ, ಪ್ರವಾಸ ಹೋದ ನೆರೆಯವರು ಮರಳಿ ಬಂದು ಬಾಗಿಲು ತೆರೆದಂತೆ ನನಗೆ ಹಿತವೆನ್ನಿಸುತ್ತದೆ.

ಹೀಗಿರುತ್ತಿರುವಾಗ ನಮ್ಮ ಗುಡ್ಡೆಯ ಹಳೆಯ ಮನೆಗಳ ಒಂದು ಸೋಜಿಗ ನನ್ನ ಗಮನಕ್ಕೆ ಬಂದಿತು. ಅವುಗಳಲ್ಲಿ ಹೆಚ್ಚಿನವು ಮೂಡಣಕ್ಕೆ ಮುಖ ಮಾಡಿ ಕಡಲಿಗೆ ಬೆನ್ನು ಹಾಕಿವೆ. ಪಡುವಣಕ್ಕೆ ಇರುವುದು ಸಣ್ಣ ಕಿಟಕಿ, ಇಳಿಸಿದ ಮಾಡು, ಮಳೆಗಾಲದಲ್ಲಿ ಅದಕ್ಕೊಂದು ಮಡಲಿನ ತಟ್ಟಿ. ಕಡಲ ಚೆಲುವು ಇವರಿಗೆ ತಿಳಿಯದೆಂದು ಮೊದಲು ಭಾವಿಸಿದ್ದೆ. ಆಮೇಲೆ ತಿಳಿಯಿತು, ಕಡಲು ಇವರ ಭಾಷೆಯೊಳಗೇ ಕುಳಿತಿದೆ. ಪಡುಬಿದ್ರಿ, ಮೂಡುಬಿದಿರೆ ಎಂದು ಊರಿಗೆ ಹೆಸರಿಡುವಾಗಲೂ ಯಕ್ಷಗಾನವನ್ನು ತೆಂಕು, ಬಡಗು ಎಂದು ವಿಂಗಡಿಸುವಾಗಲೂ ಇವರು ದಿಕ್ಕನ್ನು ಮರೆಯರು. ಆ ದಿಕ್ಕುಗಳಲ್ಲಿ ಪಡು ಎಂದರೆ ಕಡಲೇ. ನೆಲವನ್ನೂ ಹಾಗೆಯೇ ಎತ್ತರ ನೋಡಿ ಹೆಸರಿಸಿದರು: ತಗ್ಗಿನ ಗದ್ದೆ ಬೈಲು, ನಡುವಣದ್ದು ಮಜಲು, ಮೇಲಿನದು ಬೆಟ್ಟು, ಗುಡ್ಡೆಯ ಚಪ್ಪಟೆ ನೆತ್ತಿ ಪದವು. ಯಾವ ಎತ್ತರದಲ್ಲಿ ಎಷ್ಟು ನೀರು ನಿಲ್ಲುತ್ತದೆ, ಎಲ್ಲಿ ಬಿತ್ತಬಹುದು ಎಂಬ ತಿಳಿವಳಿಕೆಯನ್ನೇ ಹೆಸರಾಗಿಸಿದ ಜನ ಇವರು. ಶಿವರಾಮ ಕಾರಂತರು 1941ರಲ್ಲಿ ಪ್ರಕಟಿಸಿದ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಮೂರು ತಲೆಮಾರು ಕಡಲ ಮಗ್ಗುಲಲ್ಲಿ ಬಾಳುತ್ತದೆ. ಅಲ್ಲಿ ಕಡಲು ನೋಟದ ವಸ್ತುವಾಗುವ ಮೊದಲು ದುಡಿಮೆಯ ನೆರೆ.

ಈಗ ಕಾಲ ತಿರುಗಿದೆ. ‘ಸೀ ವ್ಯೂ’ ಎಂಬ ಎರಡು ಮಾತುಗಳು ಜಾಹೀರಾತಿನಲ್ಲಿ ಸೇರಿದೊಡನೆ ಬೆಲೆ ಏರುತ್ತದೆ. ಎರಡು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ನಮ್ಮ ಮನೆಗಿಂತ ಕೆಳಗಿನ ಹಿತ್ತಲನ್ನು ಯಾರೋ ಕೊಂಡರು. ಹಲಸಿನ ಮರಗಳು ಉರುಳಿದವು. ಮಣ್ಣು ಬಗೆಯುವ ಯಂತ್ರ ಬಂದು ಇಳಿಜಾರನ್ನು ಗೋಡೆಯಂತೆ ನೆಟ್ಟಗೆ ಕಡಿಯಿತು. ಅಲ್ಲಿ ಏಳು ಅಂತಸ್ತಿನ ವಸತಿಗೃಹ ಏಳುವುದೆಂದು ತಿಳಿದಾಗ ನನ್ನ ಕಿಟಕಿಯ ಗತಿ ಏನೆಂಬುದನ್ನು ಊಹಿಸಲು ಭೌತಶಾಸ್ತ್ರದ ಗೆಳೆಯರ ನೆರವು ಬೇಕಾಗಲಿಲ್ಲ. ಸಿಟ್ಟು ಬಂದಿತು. ಭಾಷೆ ನನ್ನ ಕಸುಬಾದದ್ದರಿಂದ ಅರ್ಜಿಯೊಂದನ್ನು ಬರೆದೆ. ಅದರಲ್ಲಿ ಕಡಲು ಸರ್ವರ ಸ್ವತ್ತೆಂಬ ವಾದವಿತ್ತು, ಸೂರ್ಯಾಸ್ತವಿತ್ತು, ನಿಸರ್ಗಸೌಂದರ್ಯವಿತ್ತು. ಅದನ್ನು ಹಿಡಿದು ಮನೆಮನೆಗೆ ಹೋಗಿ ರುಜು ಹಾಕಿಸಿದೆ.

ಕೊನೆಗೆ ಹೋದದ್ದು ನಮ್ಮ ಹಿಂದಿನ, ಅಂದರೆ ಒಂದು ಮೆಟ್ಟಿಲು ಮೇಲಿನ ಮನೆಗೆ. ಆ ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ ವಯಸ್ಸು. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೇರಿಗೆಲ್ಲ ಅಜ್ಜ. ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿದರು.

“ಚಂದ ಬರೆದಿದ್ದೀರಿ, ಮಾಷ್ಟ್ರೇ. ರುಜು ಹಾಕುವ, ಅದಕ್ಕೇನು?” ಎಂದರು. ಆಮೇಲೆ ಸ್ವಲ್ಪ ತಡೆದು, “ನೀವು ಮಾಳಿಗೆ ಎಬ್ಬಿಸಿದ ವರ್ಷ ನಮ್ಮ ಜಗಲಿಗೂ ಕಡಲು ಹೋಯಿತು. ಅಲ್ಲಿ ಕೂತರೆ ಅಳಿವೆಯವರೆಗೆ ಕಾಣುತ್ತಿತ್ತು” ಎಂದರು.

ದೂರುವ ಧ್ವನಿ ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಉತ್ತರ ಹೇಳುವುದು ನನಗೆ ಸುಲಭವಾಗುತ್ತಿತ್ತು. ನಾನು ತಿರುಗಿ ನೋಡಿದೆ. ಅವರ ಜಗಲಿಯ ಎದುರಿಗೆ ಪಡುವಣದಲ್ಲಿ ಕಾಣುತ್ತಿದ್ದುದು ನನ್ನ ಮಾಳಿಗೆಯ ಸುಣ್ಣ ಕಾಣದ ಹಿಂಗೋಡೆ. ಅದರ ಮೇಲೆ ಮಳೆನೀರಿನ ಕಪ್ಪು ಗೀಟುಗಳು. ಆರು ವರ್ಷ ಅವರು ನೋಡಿದ್ದು ಅದನ್ನು. ನನ್ನ ಕಿಟಕಿಯಿಂದ ಮುಂದಕ್ಕೆ 25 ಕಿಲೋಮೀಟರು ಕಂಡವನಿಗೆ ಹಿಂದಕ್ಕೆ ಇಪ್ಪತ್ತು ಅಡಿ ಕಂಡಿರಲಿಲ್ಲ.

“ಅದು ಹೋಗಲಿ, ಅಜ್ಜಾ…” ಎಂದು ಏನನ್ನೋ ಹೇಳಲು ಹೊರಟೆ.

“ನಾನೂ ಅದನ್ನೇ ಹೇಳುವುದು. ನೋಟ ಹೋದರೆ ಹೋಗಲಿ. ಕೆಳಗೆ ಅವರು ಶೇಡಿಯನ್ನು ಬಗೆದು ಇಟ್ಟಿದ್ದಾರೆ, ನೋಡಿದ್ದೀರಾ? ಮಳೆಗೆ ಇನ್ನು ಹದಿನೈದು ದಿನ ಉಂಟು. ಅರ್ಜಿಯಲ್ಲಿ ಅದು ಇಲ್ಲವಲ್ಲ!”

ಮಣ್ಣಿನೊಡನೆ ಬಾಳು ಸವೆಸಿದ ಆ ಹಿರಿಯರು ಅಂದು ನನಗೆ ಹೇಳಿದ್ದು ಒಂದು ಪಾಠ. ನಮ್ಮ ದುರ್ಗದ ಬೆಟ್ಟ ಕರಿಬಂಡೆಯದು. ಏಳು ಸುತ್ತಿನ ಕೋಟೆಯನ್ನು ಹೊತ್ತರೂ ಅದು ಮಿಸುಕದು. ಈ ಕರಾವಳಿಯ ಗುಡ್ಡೆ ಬೇರೆಯ ಜಾತಿ. ಮೇಲಿನ ಪದರ ಮುರಕಲ್ಲು. ನಮ್ಮ ಕಡೆ ಅದನ್ನು ಜಂಬಿಟ್ಟಿಗೆ ಎನ್ನುತ್ತಾರೆ. ಸ್ಕಾಟ್‌ಲೆಂಡಿನಿಂದ ಬಂದ ಫ್ರಾನ್ಸಿಸ್ ಬುಕಾನನ್ ಈ ಸೀಮೆಗಳಲ್ಲಿ ಸಂಚರಿಸಿ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇಂಥ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು. ನೆಲದೊಳಗೆ ಇರುವಾಗ ಹಾರೆಗೆ ಒಗ್ಗುವಷ್ಟು ಮೆದು, ಗಾಳಿಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ನಮ್ಮ ಹಳೆಯ ಮನೆಗಳ ಗೋಡೆ ಈ ಗುಡ್ಡೆಯ ಕಲ್ಲಿನದು. ಮಾಡಿನ ಹಂಚು, ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಉದ್ಯಮದ ಕೊಡುಗೆ. ಆದರೆ ಮುರಕಲ್ಲಿನ ಅಡಿಯಲ್ಲಿ ಇನ್ನೊಂದು ಪದರವುಂಟು: ಬಿಳಿ, ಹಳದಿ, ತಿಳಿಗೆಂಪು ಬೆರೆತ ನುಣುಪು ಶೇಡಿಮಣ್ಣು. ಒಣಗಿರುವಾಗ ಅದು ಗೋಡೆಯಂತೆ ನಿಲ್ಲುತ್ತದೆ, ನೋಡಿದವರು ನಂಬುವಂತೆ. ಮುರಕಲ್ಲಿನ ತೂತುಗಳಿಂದ ಇಳಿದ ನೀರು ಅದನ್ನು ಮುಟ್ಟಿದಾಗ ಹಿಟ್ಟಿನ ಮುದ್ದೆಯಂತೆ ಸಡಿಲಾಗಿ ಜಾರುತ್ತದೆ. ಮುರದ ಹೊದಿಕೆಯೂ ಮರದ ಬೇರೂ ಇಳಿಜಾರಿನ ಓರೆಯೂ ಕೂಡಿ ಶೇಡಿಯನ್ನು ಕಾಯುತ್ತವೆ. ಕಡಲು ಕಾಣಲೆಂದು ನಾವು ಮೊದಲು ತೆಗೆಯುವುದು ಈ ಮೂರನ್ನೇ.

ಹೀಗೆ ಗುಡ್ಡೆಗಳು ಸಡಿಲವಾದದ್ದರ ಸುದ್ದಿ ನಮಗೆ ಹೊಸದಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲ ಗುಡ್ಡ ಜಾರಿ, ರಸ್ತೆಯಲ್ಲಿದ್ದವರನ್ನು ಗಂಗಾವಳಿಯ ಒಡಲಿಗೆ ತಳ್ಳಿತು. 2025ರ ಮೇ 30ರಂದು ಮಂಗಳೂರಿಗೆ ಸಮೀಪದ ಮೊಂಟೆಪದವಿನಲ್ಲಿ ಮನೆಯೊಂದರ ಮೇಲೆ ಗುಡ್ಡೆ ಕುಸಿದು ಪ್ರಾಣಗಳು ಹೋದವು. ಕಡಲ ತಡಿಗಾದರೋ ಒಂದು ಕಾವಲುಂಟು. 1991ರಲ್ಲಿ ಮೊದಲು ಹೊರಟು, 2011ರಲ್ಲಿಯೂ 2019ರಲ್ಲಿಯೂ ಹೊಸ ರೂಪ ತಾಳಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಭರತದ ನೀರು ಏರುವ ಗೆರೆಯಿಂದ ಅಳತೆ ಹಿಡಿದು ಕಟ್ಟಡಗಳಿಗೆ ಕಟ್ಟಳೆ ಮಾಡಿದೆ. ಆದರೆ ಅಳತೆ ಹೊರಡುವುದು ನೀರಿನಿಂದ. ಹೊಳೆಯನ್ನು ದಾಟಿ, ಊರನ್ನು ದಾಟಿ, ಆ ನೀರನ್ನು ನೋಡುವವರು ನಿಂತ ಗುಡ್ಡೆಯ ನೆತ್ತಿಯವರೆಗೆ ಅದು ಬಂದು ಮುಟ್ಟುವುದಿಲ್ಲ.

ಆ ರಾತ್ರಿ ಅರ್ಜಿಯನ್ನು ಹರಿದು ಹೊಸದಾಗಿ ಬರೆದೆ. ಸೂರ್ಯಾಸ್ತ ಹೋಯಿತು, ನಿಸರ್ಗಸೌಂದರ್ಯವೂ ಹೋಯಿತು. ಕಡಿದ ದರೆಯ ಎತ್ತರ ಎಷ್ಟು, ಶೇಡಿ ಎಷ್ಟು ಅಡಿ ಬಯಲಾಗಿದೆ, ಮೇಲೆ ಎಷ್ಟು ಮನೆಗಳಿವೆ, ಮಳೆಯ ನೀರು ಯಾವ ದಾರಿಯಲ್ಲಿ ಇಳಿಯುತ್ತದೆ ಎಂಬಿಷ್ಟೇ ಉಳಿದವು. ನನ್ನ ಬರವಣಿಗೆಯಲ್ಲಿ ಅಷ್ಟು ಶುಷ್ಕವಾದ ಇನ್ನೊಂದು ಪುಟವಿಲ್ಲ. ಅಷ್ಟು ಪ್ರಯೋಜನಕ್ಕೆ ಬಂದ ಪುಟವೂ ಇಲ್ಲ. ಅಧಿಕಾರಿಗಳು ಬಂದು ನೋಡಿದರು. ಮಳೆಗಾಲ ಮುಗಿಯುವವರೆಗೆ ಕೆಲಸ ನಿಂತಿತು. ದರೆಗೆ ಟಾರ್ಪಾಲು ಹೊದಿಸಿದರು. ಆದರೂ ಜುಲೈಯ ಒಂದು ಇರುಳು ಒಂದೆರಡು ಲಾರಿಯಷ್ಟು ಮಣ್ಣು ಜಾರಿ, ನಮ್ಮ ಹಿತ್ತಲಿನ ಪೇರಳೆ ಮರವನ್ನು ಬೇಲಿಯ ಸಮೇತ ಕೆಳಕ್ಕೆ ಒಯ್ದಿತು. ಯಾರಿಗೂ ಏನೂ ಆಗಲಿಲ್ಲ. ಬೆಳಿಗ್ಗೆ ಆ ಬೆಳ್ಳನೆಯ ಗಾಯದ ಅಂಚಿನಲ್ಲಿ ನಿಂತಾಗ, ನನ್ನ ಅಡುಗೆಮನೆಯ ಗೋಡೆಗೂ ಅದಕ್ಕೂ ನಡುವೆ ಉಳಿದಿದ್ದುದು ಹನ್ನೊಂದು ಹೆಜ್ಜೆ. ಅಂದು ಬೆನ್ನ ಹಿಂದೆ ಕಡಲು ಹೊಳೆಯುತ್ತಿತ್ತೋ ಇಲ್ಲವೋ ನನಗೆ ನೆನಪಿಲ್ಲ.

ಮಳೆ ಬಿಟ್ಟ ಮೇಲೆ, ನೀರು ಬಸಿಯುವುದಕ್ಕೆ ಕೊಳವೆಗಳನ್ನಿಟ್ಟು, ಕಲ್ಲಿನ ತಡೆಗೋಡೆಯನ್ನು ಕಟ್ಟಿದರು. ಕಟ್ಟಡವೂ ಏಳುತ್ತಿದೆ. ಈಗಾಗಲೇ ನಾಲ್ಕು ಅಂತಸ್ತು ಆಗಿ, ಪಣಂಬೂರಿನ ಹಡಗುಗಳು ನನ್ನ ಕಿಟಕಿಯಿಂದ ಮರೆಯಾಗಿವೆ. ಏಳನೆಯದು ಮುಗಿಯುವ ಹೊತ್ತಿಗೆ ತಣ್ಣೀರುಬಾವಿಯೂ ಹೋಗುತ್ತದೆ. ತೆಂಕಣದ ಅಳಿವೆಯೊಂದು ಉಳಿಯಬಹುದು. ಅದನ್ನು ಕುರಿತು ಅರ್ಜಿ ಬರೆಯುವ ಅಧಿಕಾರ ನನಗಿಲ್ಲವೆಂದು ಒಪ್ಪಿಕೊಂಡಿದ್ದೇನೆ. ಅಲ್ಲಿಗೆ ಬರುವವರೂ ನನ್ನ ಹಾಗೆಯೇ ಸಾಲ ಮಾಡಿ, ಆಸೆಪಟ್ಟು ಬರುವವರು. ಗುಡ್ಡೆ ನಿಂತಿದ್ದರೆ ನೋಟವನ್ನು ಹೇಗೋ ಹಂಚಿಕೊಳ್ಳಬಹುದು.

ಹಂಚಿಕೊಳ್ಳುವ ಕೆಲಸವನ್ನು ನನ್ನಿಂದಲೇ ತೊಡಗಿದ್ದೇನೆ. ಹಿಂಗೋಡೆಗೆ ಸುಣ್ಣ ಹೊಡೆಸಿದ್ದಾಯಿತು. ಮಾಳಿಗೆಗೆ ಹೊರಗಿನಿಂದ ಏರುವ ಮೆಟ್ಟಿಲುಗಳಿಗೆ ಕೈಪಿಡಿ ಹಾಕಿಸಿದ್ದೂ ಆಯಿತು. ಸಂಜೆ ಐದೂವರೆಯ ಹೊತ್ತಿಗೆ ಅಜ್ಜ ಒಂದೊಂದೇ ಮೆಟ್ಟಿಲೇರಿ ಬರುತ್ತಾರೆ. ಕಿಟಕಿಯ ಬಳಿಯ ಕುರ್ಚಿ ಅವರದು. ಅವರು ಸೂರ್ಯನನ್ನು ನೋಡುವುದು ಕಡಮೆ. ಕತ್ತಲಾಗಿ ದೋಣಿಗಳ ದೀಪ ಒಂದೊಂದಾಗಿ ಹತ್ತುವಾಗ ಬೆರಳು ಮಡಿಸಿ ಎಣಿಸುತ್ತಾರೆ. ಮೊನ್ನೆ ಹದಿನೇಳಕ್ಕೆ ನಿಲ್ಲಿಸಿ, “ನಿನ್ನೆ ಹತ್ತೊಂಬತ್ತು ಇತ್ತಲ್ಲ, ಮಾಷ್ಟ್ರೇ?” ಎಂದರು. ಇನ್ನೆರಡು ಆ ಕಟ್ಟಡದ ಹಿಂದೆ ಇರಬಹುದೆಂದೆ. ಅಜ್ಜ ಸ್ವಲ್ಪ ಬಾಗಿ ನೋಡಿ, ಇರಬಹುದೆಂದು ತಲೆದೂಗಿದರು.