ಬಾಗಿಲಲ್ಲಿ ನಿಂತ ನಟ

ಆಲ್ಜಿಯರ್ಸ್ ನಗರದ ಒಂದು ಹೋಟೆಲು. ಫ್ರಾನ್ಸಿನಿಂದ ಊರು ನೋಡಲು ಬಂದ ಸಿಮೋನ್ ಹೆಂಡತಿಯೊಂದಿಗೆ ಊಟಕ್ಕೆ ಕೂತಿದ್ದಾನೆ. ಆಚೆ ಮೇಜಿನಲ್ಲಿ ಆ ಊರಿನವನೊಬ್ಬ. ಅವನ ದೃಷ್ಟಿ ಸಿಮೋನನ ಮೇಲೇ ನೆಟ್ಟಿದೆ, ಅತ್ತಿತ್ತ ಅಲುಗುವುದಿಲ್ಲ. ಸಿಮೋನನಿಗೆ ತುತ್ತು ಇಳಿಯದು. ಆ ಮುಖ ನೆನಪಿಗೆ ಬಂದಿದೆ: ಕೆಲವು ವರ್ಷಗಳ ಹಿಂದೆ ಇದೇ ದೇಶದಲ್ಲಿ ಸೈನಿಕನಾಗಿದ್ದಾಗ ತಾನು ಚಿತ್ರಹಿಂಸೆ ಕೊಟ್ಟವನು ಇವನೇ. ಎದುರಿನವನು ಬೈಯುವುದಿಲ್ಲ, ಎದ್ದು ಬರುವುದಿಲ್ಲ, ಸುಮ್ಮನೆ ನೋಡುತ್ತಾನೆ. ಕಡೆಗೆ ತಡೆಯಲಾರದೆ ಸಿಮೋನ್ ಅಲ್ಲಿಂದ ಕಾಲ್ಕೀಳುತ್ತಾನೆ. ಅವನಿಗೆ ಎಂದೂ ಗೊತ್ತಾಗದ ಸಂಗತಿ ನಮಗೆ ಗೊತ್ತಾಗುತ್ತದೆ. ಆ ಮನುಷ್ಯನಿಗೆ ಕಣ್ಣೇ ಕಾಣುವುದಿಲ್ಲ.

1971ರ ‘ತಹ್ಯಾ ಯಾ ದೀದೂ’ ಚಿತ್ರದ ದೃಶ್ಯ ಇದು. ಆ ಕುರುಡನ ಪಾತ್ರ ಮಾಡಿದವರು ಮೊಹಮ್ಮದ್ ಝಿನೆತ್. ಚಿತ್ರದ ನಿರ್ದೇಶಕರೂ ಅವರೇ. ಸ್ವಂತ ಸಿನಿಮಾ ಮಾಡುವ ನಟರು ತಮಗಾಗಿ ಉದ್ದುದ್ದ ಮಾತಿನ ಪಾತ್ರ ಎತ್ತಿಟ್ಟುಕೊಳ್ಳುವುದು ಎಲ್ಲ ಕಡೆಯೂ ಉಂಟು. ಝಿನೆತ್ ಒಂದು ಮೌನವನ್ನು ಇಟ್ಟುಕೊಂಡರು.

ಅವರು ಹುಟ್ಟಿದ್ದು 1932ರಲ್ಲಿ, ಆಲ್ಜಿಯರ್ಸಿನಲ್ಲಿ. ಆ ಊರಿನ ಹಳೆಯ ಪೇಟೆಯ ಹೆಸರು ಕಸಬಾ. ಗುಡ್ಡದ ಇಳಿಜಾರಿನಲ್ಲಿ ಒಂದರ ಮೇಲೊಂದು ಒರಗಿದ ಬಿಳಿ ಮನೆಗಳು, ಸಮುದ್ರದ ಕಡೆಗೆ ಇಳಿಯುವ ಕಿರಿದಾದ ಮೆಟ್ಟಿಲ ಓಣಿಗಳು. ಫ್ರೆಂಚರು 1830ರಲ್ಲಿ ಹಿಡಿದ ನಾಡು ಅಲ್ಜೀರಿಯಾ. 1954ರ ನವೆಂಬರಿನಲ್ಲಿ ಸಿಡಿದ ಯುದ್ಧ ಮುಗಿದು ಸ್ವಾತಂತ್ರ್ಯ ಬಂದದ್ದು 1962ರಲ್ಲಿ. ಝಿನೆತ್ ವಿಮೋಚನಾ ಸೈನ್ಯ ಸೇರಿದರು, ಗಾಯಗೊಂಡರು, ನೆರೆಯ ಟ್ಯುನೀಶಿಯಾಕ್ಕೆ ಹೋದರು. ಅಲ್ಲಿಂದ ಮುಂದೆ ಜರ್ಮನಿಯಲ್ಲಿ ರಂಗಭೂಮಿಯ ಪಾಠವೂ ಆಯಿತು.

ಸ್ವಾತಂತ್ರ್ಯದ ನಂತರ ಇಟಲಿಯ ನಿರ್ದೇಶಕ ಜಿಲ್ಲೋ ಪೊಂಟೆಕೊರ್ವೋ ‘ಬ್ಯಾಟಲ್ ಆಫ್ ಆಲ್ಜಿಯರ್ಸ್’ ತೆಗೆಯಲು ಬಂದಾಗ ಝಿನೆತ್ ಸಹಾಯಕ ನಿರ್ದೇಶಕರಲ್ಲಿ ಒಬ್ಬರಾದರು. 1966ರಲ್ಲಿ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಪ್ರಶಸ್ತಿ ಗೆದ್ದ ಚಿತ್ರ ಅದು. ಪಾತ್ರಧಾರಿಗಳಲ್ಲಿ ಹೆಚ್ಚಿನವರು ಬೀದಿಯಿಂದಲೇ ಬಂದವರು. ಕ್ಯಾಮೆರಾದ ಮುಂದೆ ಎಂದೂ ನಿಂತಿರದ ಜನರನ್ನು ಅವರ ಓಣಿಯಲ್ಲೇ ನಿಲ್ಲಿಸಿ ಚಿತ್ರ ತೆಗೆಯುವ ವಿದ್ಯೆಯನ್ನು ಝಿನೆತ್ ಅಲ್ಲಿ ಹತ್ತಿರದಿಂದ ಕಂಡಿರಬೇಕು. ಮುಂದೆ ತಮ್ಮ ಚಿತ್ರದಲ್ಲಿ ಅವರು ನಂಬಿದ್ದು ಅದನ್ನೇ.

‘ತಹ್ಯಾ ಯಾ ದೀದೂ’ ಹುಟ್ಟಿದ ಕತೆ ಸ್ವಾರಸ್ಯವಾಗಿದೆ. ಆಲ್ಜಿಯರ್ಸಿನ ನಗರಾಡಳಿತಕ್ಕೆ ಬೇಕಾಗಿದ್ದದ್ದು ಊರಿನ ಚೆಲುವು ತೋರಿಸಿ ಪ್ರವಾಸಿಗರನ್ನು ಕರೆಯುವ ಒಂದು ಸಾಕ್ಷ್ಯಚಿತ್ರ. ಅಂಥವು ನಮಗೂ ಗೊತ್ತು: ಕೋಟೆ, ಕಡಲು, ನಗುವ ಮಕ್ಕಳು, ಹಿಂದೆ ಒಂದು ಗಂಭೀರ ದನಿ. ಝಿನೆತ್ ಕಡಲನ್ನೂ ಮಕ್ಕಳನ್ನೂ ಕೊಟ್ಟರು. ಆದರೆ ಆ ಮಕ್ಕಳು ಪೊಲೀಸನ ಕೈಗೆ ಸಿಗದೆ ಊರೆಲ್ಲ ಓಡುವ ತುಂಟರು. ಗಂಭೀರ ದನಿಯ ಬದಲು ಮೊಮೋ ಎಂದೇ ಊರಿಗೆ ಪರಿಚಿತರಾದ ಕವಿ ಹಿಮುದ್ ಬ್ರಾಹಿಮಿ ಕಡಲಂಚಿನಲ್ಲಿ ಆಲ್ಜಿಯರ್ಸನ್ನು ಕುರಿತು ಹಾಡಿನಂತೆ ನುಡಿಯುತ್ತಾರೆ. ಹಿನ್ನೆಲೆಗೆ ಹಾಜ್ ಮೊಹಮ್ಮದ್ ಎಲ್ ಅಂಕಾ ಅವರ ಸಂಗೀತ. ಕಸಬಾದ ಜನ ಮನೆಮಾತಿನಂತೆ ಬಳಸುವ ‘ಶಾಬಿ’ ಶೈಲಿಗೆ ಹಿರಿಯರೆನಿಸಿದವರು ಅವರು. ಇಷ್ಟೂ ತಮಾಷೆಯ ನಡುವೆ ಆ ಹೋಟೆಲಿನ ಮೇಜು. ಪ್ರವಾಸಿಗರನ್ನು ಕರೆಯಬೇಕಾದ ಚಿತ್ರದಲ್ಲಿ ಪ್ರವಾಸಿಯೇ ಎದ್ದು ಓಡುತ್ತಾನೆ!

ಹಣ ಕೊಟ್ಟವರಿಗೆ ಇದು ರುಚಿಸಲಿಲ್ಲ. ಚಿತ್ರಮಂದಿರಗಳಲ್ಲಿ ಬಿಡುಗಡೆಯ ಭಾಗ್ಯ ಸಿಗಲಿಲ್ಲ. ಹಳೆಯ ಚಿತ್ರಗಳನ್ನು ಕಾಪಿಟ್ಟು ತೋರಿಸುವ ಆಲ್ಜಿಯರ್ಸಿನ ಸಿನಿಮಾಥೆಕ್‌ನಲ್ಲಿ ಆಗಾಗ ನೋಡಿದವರ ಬಾಯಿಂದ ಬಾಯಿಗೆ ಹರಿದು ಅದು ಉಳಿದುಕೊಂಡಿತು. ಝಿನೆತ್ ನಿರ್ದೇಶಿಸಿದ ಪೂರ್ಣಾವಧಿಯ ಚಿತ್ರ ಇದೊಂದೇ.

ಆಮೇಲಿನ ಬದುಕು ಬಹುಪಾಲು ಫ್ರಾನ್ಸಿನಲ್ಲಿ, ನಟನಾಗಿ. ಹಿಂದೆ ಆಳಿದವರ ಭಾಷೆಯಲ್ಲಿ, ಅವರ ಪರದೆಯ ಮೇಲೆ. ಅಲ್ಲಿ ಅವರಿಗೆ ಸಿಕ್ಕಿದ್ದು ಬಾಗಿಲಲ್ಲಿ ಬಂದು ನಿಲ್ಲುವ ಅರಬನ ಪಾತ್ರಗಳು. ಹೀಗೆ ಹೇಳಿದರೆ ಗೊಣಗಿದಂತೆ ಕೇಳಿಸಬಹುದು, ಆದರೆ ಎರಡು ಚಿತ್ರಗಳನ್ನು ನೋಡಿ. ಇವ್ ಬುವಾಸೆಯವರ ‘ದ್ಯುಪೋಂ ಲಾಜ್ವಾ’ (1975) ವರ್ಣದ್ವೇಷದ ಕತೆ. ಪ್ಯಾರಿಸ್ಸಿನ ಕೆಫೆಯೊಂದರ ಮಾಲೀಕ ರಜೆಯಲ್ಲಿ ಹುಡುಗಿಯೊಬ್ಬಳನ್ನು ಕೊಂದು, ತಪ್ಪು ಅಲ್ಜೀರಿಯಾದ ಕೂಲಿಗಳ ತಲೆಗೆ ಬರುವಂತೆ ಮಾಡುತ್ತಾನೆ. ಗುಂಪು ಸೇರಿ ಅವರ ಮೇಲೆ ಬಿದ್ದು ಒಬ್ಬನನ್ನು ಕೊಲ್ಲುತ್ತಾರೆ. ಸತ್ತವನ ಅಣ್ಣತಮ್ಮಂದಿರಲ್ಲಿ ಒಬ್ಬನಾಗಿ ಝಿನೆತ್ ಇದ್ದಾರೆ. ಕೊನೆಗೆ ಆ ಕೆಫೆಯ ಬಾಗಿಲು ತೆರೆಯುತ್ತದೆ, ಲೆಕ್ಕ ಚುಕ್ತಾ ಮಾಡಲು ಬಂದೂಕು ಹಿಡಿದವನು ಒಳಗೆ ಬರುತ್ತಾನೆ.

ಇನ್ನೊಂದು, ಮೋಶೆ ಮಿಜ್ರಾಹಿಯವರ ‘ಮದಾಂ ರೋಸಾ’ (1977). ಪ್ಯಾರಿಸ್ಸಿನಲ್ಲಿ ಮೆಟ್ಟಿಲು ಹತ್ತಲಾರದ ಮುದುಕಿ ರೋಸಾ. ನಾತ್ಸಿ ಶಿಬಿರದಿಂದ ಬದುಕಿ ಬಂದ ಯಹೂದಿ, ವೇಶ್ಯೆಯರ ಮಕ್ಕಳನ್ನು ಸಾಕುತ್ತಾಳೆ. ಪಾತ್ರ ಸಿಮೋನ್ ಸಿನ್ಯೊರೆ ಅವರದು. ಒಂದು ದಿನ ಬಾಗಿಲಿಗೆ ಕದಿರ್ ಯೂಸುಫ್ ಎಂಬ ಬಡಕಲು ಮನುಷ್ಯ ಬರುತ್ತಾನೆ. ಹೆಂಡತಿಯನ್ನು ಕೊಂದು ವರ್ಷಗಟ್ಟಲೆ ಹುಚ್ಚಾಸ್ಪತ್ರೆಯಲ್ಲಿದ್ದವನು. ಕೈಯಲ್ಲಿ ಹಳೆಯ ರಸೀದಿ. ಬಿಟ್ಟುಹೋದ ಮಗ ಮೊಹಮ್ಮದ್ ಬೇಕು. ಮಗ ಅಲ್ಲೇ ಕೂತಿದ್ದಾನೆ, ಆದರೆ ರೋಸಾ ಅವನನ್ನು ಬಿಟ್ಟುಕೊಡಲೊಲ್ಲಳು. ಕೈತಪ್ಪಿ ನಿಮ್ಮ ಹುಡುಗನನ್ನು ಯಹೂದಿಯಾಗಿ ಬೆಳೆಸಿಬಿಟ್ಟೆ ಎಂದು ಇನ್ನೊಬ್ಬ ಹುಡುಗ ಮೋಯಿಸನನ್ನು ತೋರಿಸುತ್ತಾಳೆ. ಮುಸಲ್ಮಾನನನ್ನು ಕೊಟ್ಟವನಿಗೆ ಮುಸಲ್ಮಾನನೇ ವಾಪಸ್ಸು ಬೇಕಲ್ಲವೇ ಎಂಬುದು ಅವನ ತಕರಾರು. ನಗು ಬರುತ್ತದೆ, ಮತ್ತು ನಕ್ಕದ್ದಕ್ಕೆ ನಾಚಿಕೆಯೂ. ಆ ಆಘಾತಕ್ಕೆ ಕದಿರ್ ಅಲ್ಲೇ ಸಾಯುತ್ತಾನೆ. ಇಡೀ ಪಾತ್ರ ಒಂದೇ ಭೇಟಿಯದು. ಝಿನೆತ್ ಅವನನ್ನು ಖಳನಾಗಿಸಲಿಲ್ಲ, ಹುಚ್ಚನಾಗಿಯೂ ಕುಣಿಸಲಿಲ್ಲ. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತ ಬಡವನ ಹಾಗೆ, ಸರಿಯಾದ ಕಾಗದ ಇಟ್ಟುಕೊಂಡೂ ಹೆದರುತ್ತಾರೆ. ಆ ವರ್ಷದ ಅತ್ಯುತ್ತಮ ವಿದೇಶಿ ಭಾಷೆಯ ಚಿತ್ರದ ಆಸ್ಕರ್ ‘ಮದಾಂ ರೋಸಾ’ಗೇ ಬಂತು.

ಇವುಗಳಾಚೆಗೂ ಕೆಲಸವಿತ್ತು. ಸಾರಾ ಮಾಲ್ದೊರೊರ್ ಅವರ ಕಿರುಚಿತ್ರ ‘ಮೊನಂಗಂಬೆ’ (1968) ಅಂಗೋಲದ ಸೆರೆಮನೆಯ ಕತೆ. ಚಿತ್ರೀಕರಣ ನಡೆದದ್ದು ಅಲ್ಜೀರಿಯಾದಲ್ಲಿ, ಅದರಲ್ಲೂ ಝಿನೆತ್ ಇದ್ದಾರೆ.

ಅವರ ನಿರ್ದೇಶನದ ಎರಡನೆಯ ಸಿನಿಮಾ ಆಗಲೇ ಇಲ್ಲ. 1995ರಲ್ಲಿ, ಪ್ಯಾರಿಸ್ಸಿನ ಅಂಚಿನ ಬೋಂದಿ ಎಂಬಲ್ಲಿ ಅವರು ತೀರಿಕೊಂಡರು. ಆಗ ಅವರ ಹುಟ್ಟೂರಿನಲ್ಲಿ ಒಳಯುದ್ಧದ ಕತ್ತಲೆ, ಬರಹಗಾರರನ್ನೂ ರಂಗಕರ್ಮಿಗಳನ್ನೂ ಹುಡುಕಿ ಕೊಲ್ಲುತ್ತಿದ್ದ ಕಾಲ. 2023ರಲ್ಲಿ ಮೊಹಮ್ಮದ್ ಲತ್ರೇಷ್ ಎಂಬ ಅಲ್ಜೀರಿಯಾದ ನಿರ್ದೇಶಕ ಝಿನೆತ್ ಕುರಿತು ಒಂದು ಸಾಕ್ಷ್ಯಚಿತ್ರ ತೆಗೆದರು. ಅದರ ಫ್ರೆಂಚ್ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಝಿನೆತ್, ಆಲ್ಜಿಯರ್ಸ್, ಸಂತೋಷ’ ಎನ್ನಬಹುದು. ಮೂರನೆಯ ಪದ ಬಂದದ್ದು ಓಣಿಯಲ್ಲಿ ಓಡುವ ಆ ಹುಡುಗರಿಂದಲೇ ಇರಬೇಕು.