ಚಿತ್ರೆಯಿಂದ ದಕ್ಷಿಣಕ್ಕೆ ಒಂದು ಗೇಣು

ಏಪ್ರಿಲ್–ಮೇ ತಿಂಗಳ ರಾತ್ರಿ ಚಿತ್ರಾ ನಕ್ಷತ್ರವನ್ನು ಹುಡುಕುವುದು ಕಷ್ಟವಲ್ಲ. ಕೈಯನ್ನು ಪೂರ್ತಿ ಚಾಚಿ, ಅಲ್ಲಿಂದ ನೇರ ದಕ್ಷಿಣಕ್ಕೆ ಒಂದು ಗೇಣು ಅಳೆಯಿರಿ. ಊರದೀಪಗಳಿಂದ ದೂರವಿದ್ದು ಬೈನಾಕ್ಯುಲರ್ ಹಿಡಿದರೆ ಅಲ್ಲೊಂದು ಮಸುಕು ಮಚ್ಚೆ ಸಿಕ್ಕೀತು. ಅದೊಂದು ಗ್ಯಾಲಕ್ಸಿ, ಹೆಸರು ಎಂ83. ಅಡ್ಡಹೆಸರು ದಕ್ಷಿಣದ ಗಿರಗಿಟ್ಲೆ. ಅದರ ಬೆಳಕು ನಮ್ಮತ್ತ ಹೊರಟು ಸುಮಾರು 1.5 ಕೋಟಿ ವರ್ಷಗಳಾಗಿವೆ. ಗ್ಯಾಲಕ್ಸಿಗಳ ಲೆಕ್ಕದಲ್ಲಿ ಇದು ಪಕ್ಕದ ಓಣಿ.

1752ರಲ್ಲಿ ಇದನ್ನು ಮೊದಲು ಗುರುತಿಸಿದವನು ಫ್ರಾನ್ಸಿನ ನಿಕೊಲಾ ಲಾಕಾಯ್. ಆತ ಆಗ ಆಫ್ರಿಕಾದ ತುದಿಯ ಕೇಪ್‌ನಲ್ಲಿದ್ದ. ಕೈಯಲ್ಲಿದ್ದ ದೂರದರ್ಶಕದ ಮಸೂರ ಬರೀ ಅರ್ಧ ಇಂಚಿನದು. ಆದರೆ ಅಲ್ಲಿ ಎಂ83 ಹೆಚ್ಚುಕಡಿಮೆ ನೆತ್ತಿಯ ಮೇಲೇ ಬರುತ್ತದೆ. 1781ರಲ್ಲಿ ಇದನ್ನು ತನ್ನ ಮಸುಕು ಮಚ್ಚೆಗಳ ಪಟ್ಟಿಗೆ ಸೇರಿಸಿದ ಶಾರ್ಲ್ ಮೆಸಿಯೇ ಪ್ಯಾರಿಸ್‌ನಿಂದ ನೋಡಬೇಕಿತ್ತು. ಅಲ್ಲಿ ಅದು ದಿಗಂತದಿಂದ 11 ಡಿಗ್ರಿ ಮೇಲೇರಿದರೆ ಹೆಚ್ಚು. ಬೆಂಗಳೂರಿನಲ್ಲಿ ನಮಗೆ 47 ಡಿಗ್ರಿ. ಮೆಸಿಯೇಗಿಂತ ನಾವು ಅದೃಷ್ಟವಂತರು, ಮುಂಗಾರಿಗೆ ಮುಂಚಿನ ಮೋಡ ಅಡ್ಡ ಬರದಿದ್ದರೆ.

ದೊಡ್ಡ ದೂರದರ್ಶಕದ ಚಿತ್ರದಲ್ಲಿ ಮಚ್ಚೆ ಬಿಚ್ಚಿಕೊಳ್ಳುತ್ತದೆ. ನಡುವೆ ಹಳದಿ ಬಣ್ಣದ ಹಳೆಯ ನಕ್ಷತ್ರಗಳ ಒಂದು ಉದ್ದನೆಯ ಪಟ್ಟಿ. ಅದರ ಎರಡು ತುದಿಗಳಿಂದ ಸುರುಳಿ ತೋಳುಗಳು. ತೋಳಿನುದ್ದಕ್ಕೂ ಎಳೆಯ ನಕ್ಷತ್ರಗಳ ನೀಲಿ, ಕಾದ ಹೈಡ್ರೋಜನ್ನಿನ ಕೆಂಪು. ಈ ಪಟ್ಟಿಯೇ ಇಲ್ಲಿನ ಯಜಮಾನ. ಮಜ್ಜಿಗೆಯೊಳಗಿನ ಕಡೆಗೋಲಿನಂತೆ ಅದು ಸುತ್ತುತ್ತ ಅನಿಲವನ್ನು ಕಲಕುತ್ತದೆ. ಆದರೆ ಕಡೆಗೋಲು ಗಟ್ಟಿ ಮರ. ಇದಕ್ಕೆ ಗಟ್ಟಿ ಮೈಯೇ ಇಲ್ಲ. ನಕ್ಷತ್ರಗಳು ನೀಳ ಕಕ್ಷೆಗಳಲ್ಲಿ ಓಡಾಡುತ್ತಿರುವಾಗ ಆಗಿರುವ ದಟ್ಟಣೆ ಅದು. ನಕ್ಷತ್ರಗಳು ಒಂದಕ್ಕೊಂದು ತಾಗದೆ ದಾಟಿ ಹೋಗುತ್ತವೆ, ಅನಿಲಕ್ಕೆ ಆ ಸೌಲಭ್ಯವಿಲ್ಲ. ಪಟ್ಟಿಯ ಎಳೆತಕ್ಕೆ ಸಿಕ್ಕ ಅನಿಲ ಒಂದರ ಮೇಲೊಂದು ಬಿದ್ದು, ಸುತ್ತುವ ರಭಸ ಕಳೆದುಕೊಂಡು, ಒಳಗೆ ಜಾರುತ್ತದೆ. ಚಿತ್ರದಲ್ಲಿ ಪಟ್ಟಿಯುದ್ದಕ್ಕೂ ಕಾಣುವ ಕಪ್ಪು ದೂಳಿನ ಗೆರೆಗಳು ಈ ಜಾರುದಾರಿಯ ಗುರುತು. ಕೇಂದ್ರದಲ್ಲಿ ರಾಶಿಬಿದ್ದ ಅನಿಲದಿಂದ ನಕ್ಷತ್ರಗಳು ಅಬ್ಬರದಿಂದ ಹುಟ್ಟುತ್ತಿವೆ. ವಿಚಿತ್ರವೆಂದರೆ, ಅತಿ ಹೆಚ್ಚು ಹೊಳೆಯುವ ತಿರುಳು ಗ್ಯಾಲಕ್ಸಿಯ ನಿಜವಾದ ನಡುಬಿಂದುವಿನಲ್ಲಿಲ್ಲ, ಕೊಂಚ ಪಕ್ಕಕ್ಕಿದೆ.

ನಮ್ಮ ಆಕಾಶಗಂಗೆಗೂ ಇಂಥದೇ ಪಟ್ಟಿಯಿದೆ. ಒಳಗೇ ಕೂತ ನಮಗೆ ಅದರ ಆಕಾರ ಕಾಣದು. ಎಂ83 ಅಳತೆಯಲ್ಲಿ ಆಕಾಶಗಂಗೆಯ ಅರ್ಧದಷ್ಟಿದ್ದರೂ ಮುಖ ತಿರುಗಿಸಿದ್ದು ನಮ್ಮತ್ತ. ನಮ್ಮ ಮಾಳಿಗೆ ಹೇಗಿದೆಯೆಂದು ತಿಳಿಯಲು ಎದುರುಮನೆಯ ಮಾಳಿಗೆ ನೋಡಿದಂತೆ.

ಹುಟ್ಟು ಜೋರಾಗಿರುವಲ್ಲಿ ಸಾವೂ ಜೋರು. ದೊಡ್ಡ ನಕ್ಷತ್ರಗಳು ಬೇಗ ಉರಿದು ಸೂಪರ್ನೋವಾ ಆಗಿ ಸಿಡಿಯುತ್ತವೆ. ಆಕಾಶಗಂಗೆಯಲ್ಲಿ ಬರಿಗಣ್ಣಿಗೆ ಸೂಪರ್ನೋವಾ ಕೊನೆಯ ಬಾರಿ ಕಂಡದ್ದು 1604ರಲ್ಲಿ, ಆಮೇಲಿಲ್ಲ. ಎಂ83ರಲ್ಲಿ 1923ರಿಂದ 1983ರೊಳಗೆ ಆರು ಕಂಡವು. 1968ರದ್ದನ್ನು ಹಿಡಿದವನು ದಕ್ಷಿಣ ಆಫ್ರಿಕಾದ ಹವ್ಯಾಸಿ ಜ್ಯಾಕ್ ಬೆನೆಟ್, ಅದೂ ಧೂಮಕೇತು ಹುಡುಕುತ್ತಿದ್ದಾಗ. ಮೆಸಿಯೇ ಪಟ್ಟಿ ಮಾಡಿದ್ದೇ ಧೂಮಕೇತು ಬೇಟೆಗಾರರು ಇಂಥ ಮಚ್ಚೆಗಳಿಂದ ಮೋಸಹೋಗದಿರಲೆಂದು! 1983ರದ್ದು ಆಸ್ಟ್ರೇಲಿಯಾದ ಪಾದ್ರಿ ರಾಬರ್ಟ್ ಇವಾನ್ಸ್ ಕಣ್ಣಿಗೆ ಬಿತ್ತು.

ನನಗೆ ಹೆಚ್ಚು ಕುತೂಹಲ 1957ರದ್ದರ ಬಗ್ಗೆ. ಸಿಡಿದ ಬೆಳಕು ಆರಿ ದಶಕಗಳಾದ ಮೇಲೆ ‘ಚಂದ್ರ’ ಎಂಬ ಎಕ್ಸ್-ರೇ ದೂರದರ್ಶಕ ಎಂ83ರತ್ತ ಒಟ್ಟು ಎಂಟೂವರೆ ದಿನಗಳಷ್ಟು ಹೊತ್ತು ದಿಟ್ಟಿಸಿತು. ಅದೇ ಜಾಗದಿಂದ ಕ್ಷೀಣ ಎಕ್ಸ್-ರೇ ಬಂತು. ಸತ್ತ ನಕ್ಷತ್ರದ ತಿರುಳು ಪಲ್ಸಾರ್ ಆಗಿ ಅಲ್ಲಿ ಗಿರಗಿರನೆ ಸುತ್ತುತ್ತಿರಬಹುದು ಎಂಬುದು ಖಗೋಳಜ್ಞರ ಊಹೆ.