ಹಳೆಯ ವಾದ್ಯಕ್ಕೆ ಹೊಸ ಸ್ಮರಣೆ

ವೀಣೆಯ ತಂತಿ ತುಂಡಾದರೆ ಹೊಸ ತಂತಿ ಕಟ್ಟುತ್ತೇವೆ. ಮೃದಂಗದ ಮುಚ್ಚಿಗೆ ಹರಿದರೆ ಬೇರೆಯದನ್ನು ಹಾಕಿಸುತ್ತೇವೆ. ಅಷ್ಟಕ್ಕೇ ವಾದ್ಯವನ್ನು ಎಸೆಯಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ವಿದ್ಯುನ್ಮಾನ ವಾದ್ಯವೊಂದು ಹಳತಾಯಿತೆಂದರೆ ಅದರ ಗತಿ ಸಾಮಾನ್ಯವಾಗಿ ಮೊದಲು ಅಟ್ಟ, ಅನಂತರ ಗುಜರಿ ಅಂಗಡಿ. 1980ರ ದಶಕದ ಅನೇಕ ಯಂತ್ರವಾದ್ಯಗಳಿಗೆ ಕೆಲವು ಚಿಪ್‌ಗಳನ್ನು ಬದಲಿಸಿ ಹೊಸ ನಾದವನ್ನೋ ಹೊಸ ಸಾಮರ್ಥ್ಯವನ್ನೋ ಕೊಡಬಹುದೆಂಬುದು ಬಹು ಮಂದಿಗೆ ತಿಳಿಯದು. ಈ ಕಾರ್ಯದ ತತ್ತ್ವವನ್ನೂ ಅದರಲ್ಲಿ ವಹಿಸಬೇಕಾದ ಎಚ್ಚರವನ್ನೂ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ. ಲೇಖಕನು ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕಿನ ನೌಕರ. ಆದುದರಿಂದ ತನಗೆ ಪರಿಚಿತವಾದ ಲೆಕ್ಕದ ಪುಸ್ತಕದ ಉಪಮಾನದಿಂದಲೇ ವಿಷಯವನ್ನು ವಿವರಿಸಲು ಯತ್ನಿಸಿದ್ದಾನೆ.

ಚಿಪ್ ಎಂಬ ಲೆಡ್ಜರು

ಯಂತ್ರವು ಹೇಗೆ ವರ್ತಿಸಬೇಕೆಂಬ ಆದೇಶಗಳ ಸಮೂಹಕ್ಕೆ ಫರ್ಮ್‌ವೇರ್ ಎಂದು ಹೆಸರು. ಆ ಕಾಲದ ವಾದ್ಯಗಳಲ್ಲಿ ಇದನ್ನು ಬಹುಮಟ್ಟಿಗೆ ಈಪ್ರಾಮ್ ಎಂಬ ಚಿಪ್‌ನಲ್ಲಿ ಬರೆದಿಡುತ್ತಿದ್ದರು. ಇಂಟೆಲ್ ಸಂಸ್ಥೆಯಲ್ಲಿ ಡೊವ್ ಫ್ರೋಮನ್ ಎಂಬ ವಿಜ್ಞಾನಿ ರೂಪಿಸಿದ ಈ ಚಿಪ್ 1971ರಲ್ಲಿ ಬೆಳಕಿಗೆ ಬಂದಿತು. ಇದನ್ನು ಸಾವಿರಾರು ಮನೆಗಳುಳ್ಳ ಒಂದು ಲೆಡ್ಜರೆಂದು ಭಾವಿಸೋಣ. ಒಂದು ಮನೆಯೊಳಗೆ ವಿದ್ಯುದಾವೇಶವನ್ನು ತುಂಬಿ ಮುಚ್ಚಿದರೆ ಅದು ಸೊನ್ನೆ. ಖಾಲಿ ಬಿಟ್ಟರೆ ಒಂದು. ಸುತ್ತಲೂ ನಿರೋಧಕ ಪದರವಿರುವುದರಿಂದ ವಿದ್ಯುತ್ ನಿಂತರೂ ಆವೇಶವು ಹತ್ತಾರು ವರ್ಷ ಒಳಗೇ ಉಳಿಯುತ್ತದೆ.

ಚಿಪ್‌ನ ಬೆನ್ನಿನ ಮೇಲೆ ಕ್ವಾರ್ಟ್ಸ್ ಗಾಜಿನ ಒಂದು ಪುಟ್ಟ ಕಿಟಕಿಯಿರುತ್ತದೆ. ಅದರ ಮೂಲಕ ಸುಮಾರು 254 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣವನ್ನು 15–20 ನಿಮಿಷ ಹಾಯಿಸಿದರೆ ಒಳಗಿನ ಆವೇಶವೆಲ್ಲ ಹರಿದುಹೋಗಿ ಲೆಡ್ಜರು ಖಾಲಿಯಾಗುತ್ತದೆ. ಮತ್ತೆ ಹೊಸದಾಗಿ ಬರೆಯಬಹುದು. ಕಿಟಕಿಯ ಮೇಲೆ ಅಪಾರದರ್ಶಕವಾದ ಚೀಟಿ ಅಂಟಿಸುವುದೂ ಇದೇ ಕಾರಣಕ್ಕೆ. ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸುಮಾರು ಮೂರು ವರ್ಷ ಸತತವಾಗಿ ಬಿದ್ದಿದ್ದರೆ ಬರಹ ಅಳಿಯಬಹುದೆಂದು ತಯಾರಕರೇ ಎಚ್ಚರಿಸಿದ್ದರು.

ನಾದದ ನೆಲೆ ಎಲ್ಲಿ?

ಚಿಪ್ ಬದಲಿಸುವ ಮುನ್ನ ವಾದ್ಯದ ನಾದ ಎಲ್ಲಿ ನೆಲೆಸಿದೆಯೆಂದು ತಿಳಿಯಬೇಕು. ಅಮೆರಿಕದ ರಾಜರ್ ಲಿನ್ ಅವರು 1980ರಲ್ಲಿ ಹೊರತಂದ ಎಲ್‌ಎಂ-1 ಎಂಬ ಡ್ರಮ್ ಯಂತ್ರದಲ್ಲಿ ನಿಜವಾದ ಡ್ರಮ್‌ಗಳ ಧ್ವನಿಯನ್ನೇ ಅಂಕಿಗಳಾಗಿಸಿ ಚಿಪ್‌ನಲ್ಲಿ ಇಟ್ಟಿದ್ದರು. ಸ್ಮರಣೆಯ ಚಿಪ್‌ಗಳು ಆಗ ಬಹು ದುಬಾರಿಯಾಗಿದ್ದುದರಿಂದ ದೀರ್ಘಕಾಲ ಮೊಳಗುವ ಸಿಂಬಲ್‌ಗಳಿಗೆ ಅದರಲ್ಲಿ ಎಡೆಯಿರಲಿಲ್ಲ. 1982ರ ಲಿನ್‌ಡ್ರಮ್‌ನಲ್ಲಿ ಸಿಂಬಲ್‌ಗಳೂ ಸೇರಿದವು. ಧ್ವನಿಯ ಚಿಪ್‌ಗಳನ್ನು ಕಿತ್ತು ಬೇರೆ ಧ್ವನಿಯವನ್ನು ಕೂರಿಸುವ ಅನುಕೂಲವೂ ಇತ್ತು. ಅದೇ ದಶಕದಲ್ಲಿ ಒಬರ್‌ಹೈಮ್ ಕಂಪೆನಿಯು ‘ಪ್ರಾಮರ್’ ಎಂಬ ಉಪಕರಣವನ್ನು ತಂದಿತು. ಇದರಿಂದ ವಾದಕನು ತನಗೆ ಬೇಕಾದ ಧ್ವನಿಯನ್ನು ತಾನೇ ಚಿಪ್‌ಗೆ ಬರೆಯಬಹುದಾಗಿತ್ತು.

ಎಲ್ಲ ಯಂತ್ರಗಳೂ ಹೀಗಲ್ಲ. ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣ್‌ಜೀತ್ ಸಿಂಗ್ ಅವರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಹೊಂದಿಸಿ ಧ್ವನಿಮುದ್ರಿಸಿದಾಗ ಜಪಾನಿನ ರೋಲ್ಯಾಂಡ್ ಟಿಆರ್-808 ಯಂತ್ರವನ್ನು ಬಳಸಿದರು. ಅದರ ನಾದ ಹುಟ್ಟುವುದು ಟ್ರಾನ್ಸಿಸ್ಟರ್ ಮೊದಲಾದ ಬಿಡಿಭಾಗಗಳ ಮಂಡಲದಲ್ಲಿ. ಚಿಪ್‌ನೊಳಗಿನ ಆದೇಶ ತಾಳದ ಕ್ರಮವನ್ನು ಮಾತ್ರ ನಡೆಸುತ್ತದೆ. ಅಂತಹ ಯಂತ್ರದಲ್ಲಿ ಆದೇಶವನ್ನು ಬದಲಿಸಿದರೆ ನಡೆ ಬದಲಾದೀತೇ ಹೊರತು ನಾದವಲ್ಲ.

ನಡೆಯ ಬದಲಾವಣೆಯೂ ಅಲ್ಪವಲ್ಲ. ಲಿನ್ ಅವರೇ ವಿನ್ಯಾಸಗೊಳಿಸಿದ, ಅಕಾಯ್ ಕಂಪೆನಿಯ ಎಂಪಿಸಿ-60 ಯಂತ್ರವು 1988ರಲ್ಲಿ ಮಾರುಕಟ್ಟೆಗೆ ಬಂದಿತು. ಅದಕ್ಕೆ ಲಿನ್ ಅವರು ಮುಂದೆ 3.10 ಎಂಬ ಆವೃತ್ತಿಯ ಚಿಪ್‌ಗಳನ್ನು ಒದಗಿಸಿದರು. ಅವನ್ನು ಕೂರಿಸಿದೊಡನೆ, 1994ರ ಎಂಪಿಸಿ-3000 ಯಂತ್ರದ ಅನೇಕ ಸೌಲಭ್ಯಗಳು ಹಳೆಯ ಯಂತ್ರಕ್ಕೇ ದೊರೆತವು.

ಬದಲಿಸುವ ಮುನ್ನ

1. ಮೊದಲು ನಕಲು. ಮೂಲ ಚಿಪ್‌ನ ಬರಹವನ್ನು ಈಪ್ರಾಮ್ ಪ್ರೋಗ್ರಾಮರ್ ಎಂಬ ಉಪಕರಣದಿಂದ ಓದಿ ಕಂಪ್ಯೂಟರಿನಲ್ಲಿ ಕಾಪಿಡಬೇಕು. ಎರಡು ಬಾರಿ ಓದಿ ಹೋಲಿಸಬೇಕು. ಎಲ್ಲ ಅಂಕಿಗಳ ಕೂಡಿಕೆಯಿಂದ ಪಡೆಯುವ ‘ಚೆಕ್‌ಸಮ್’ ಎರಡರಲ್ಲೂ ಒಂದೇ ಬರಬೇಕು. ದಿನದ ಕೊನೆಯಲ್ಲಿ ಲೆಡ್ಜರಿನ ಮೊತ್ತ ತಾಳೆಯಾಗದಿದ್ದರೆ ಬ್ಯಾಂಕಿನಲ್ಲಿ ಯಾರೂ ಮನೆಗೆ ಹೊರಡುತ್ತಿರಲಿಲ್ಲ. ಇಲ್ಲಿಯೂ ಅದೇ ನಿಯಮ.

2. ಮೂಲ ಚಿಪ್ಪನ್ನು ಅಳಿಸಿ ಮತ್ತೆ ಬಳಸಬಾರದು. ಹೊಸ ಬರಹಕ್ಕೆ ಹೊಸ ಚಿಪ್ಪನ್ನೇ ಕೊಂಡು, ಮೂಲವನ್ನು ಕಿಟಕಿ ಮುಚ್ಚಿ, ಹೆಸರು ಬರೆದು, ಮನೆಯ ಕ್ರಯಪತ್ರದಂತೆ ಜೋಪಾನವಾಗಿಡಬೇಕು.

3. ಚಿಪ್‌ನ ಒಂದು ತುದಿಯಲ್ಲಿ ಅರ್ಧವೃತ್ತಾಕಾರದ ಗುರುತಿರುತ್ತದೆ. ಅದು ಮೊದಲಿದ್ದ ದಿಕ್ಕಿಗೇ ಇರಬೇಕು. ತಿರುವುಮುರುವಾಗಿ ಕೂರಿಸಿ ವಿದ್ಯುತ್ ಹಾಯಿಸಿದರೆ ಚಿಪ್ ಸುಟ್ಟುಹೋಗುತ್ತದೆ.

4. ಚಿಪ್ ಸಾಕೆಟ್ಟಿನಲ್ಲಿದ್ದರೆ ಮಾತ್ರ ಕೀಳುವುದು ಸುಲಭ. ಬೆಸುಗೆ ಹಾಕಿದ್ದರೆ ನುರಿತ ತಂತ್ರಜ್ಞರಿಗೆ ಒಪ್ಪಿಸುವುದೇ ಲೇಸು.

5. ತಯಾರಿಸಿದ ಸಂಸ್ಥೆ ಮುಚ್ಚಿತೆಂಬ ಮಾತ್ರಕ್ಕೆ ಬರಹದ ಹಕ್ಕು ಅಳಿಯುವುದಿಲ್ಲ. ಸ್ವಂತ ಯಂತ್ರದ ರಕ್ಷಣೆಗೆ ನಕಲಿಡುವುದು ಬೇರೆ, ಅದನ್ನು ಮಾರುವುದು ಬೇರೆ.

ಕಣ್ಣು, ಕೈಗಳ ರಕ್ಷಣೆ

ಚಿಪ್ ಅಳಿಸುವ ದೀಪದ ಕಿರಣವು ಆಸ್ಪತ್ರೆಗಳಲ್ಲಿ ಕ್ರಿಮಿನಾಶಕ್ಕೆ ಬಳಸುವ ಕಿರಣದ ಜಾತಿಯದೇ. ಅದನ್ನು ದಿಟ್ಟಿಸಿದರೆ ಕಾರ್ನಿಯಾ ಬೇಯುತ್ತದೆ. ಆ ಕ್ಷಣಕ್ಕೆ ನೋವು ತಿಳಿಯದೆ, ಕೆಲವು ಗಂಟೆಗಳ ಅನಂತರ ಕಣ್ಣಿಗೆ ಮರಳು ಬಿದ್ದಂತೆ ಉರಿ, ನೀರು, ಬೆಳಕನ್ನು ಸಹಿಸಲಾಗದ ಸ್ಥಿತಿ ಉಂಟಾಗುತ್ತವೆ. ಚರ್ಮವೂ ಸುಡುತ್ತದೆ. ಆದ್ದರಿಂದ ಮುಚ್ಚಳ ತೆರೆದೊಡನೆ ತಾನಾಗಿ ಆರುವ, ಪೂರ್ತಿ ಮುಚ್ಚಿದ ಪೆಟ್ಟಿಗೆಯ ದೀಪವನ್ನೇ ಬಳಸಬೇಕು. ಆಕಸ್ಮಿಕವಾಗಿ ಕಿರಣ ತಗುಲಿದರೆ ಕಣ್ಣನ್ನು ಉಜ್ಜದೆ ನೇತ್ರವೈದ್ಯರನ್ನು ಕಾಣಬೇಕು.

ಯಂತ್ರವನ್ನು ಬಿಚ್ಚುವ ಮುನ್ನ ಪ್ಲಗ್ ಕಿತ್ತಿರಬೇಕು. ಕಿತ್ತ ಮೇಲೂ ವಿದ್ಯುತ್ ಪೂರೈಕೆಯ ಭಾಗದ ಕೆಪಾಸಿಟರುಗಳಲ್ಲಿ ಅಪಾಯಕರ ಆವೇಶ ಉಳಿದಿರಬಹುದಾದುದರಿಂದ ಆ ಭಾಗವನ್ನು ಮುಟ್ಟಬಾರದು. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಊಟ ತಿಂಡಿ ಮುಟ್ಟತಕ್ಕದ್ದಲ್ಲ; ಮಕ್ಕಳನ್ನು ದೂರವಿಡುವುದು ಅವಶ್ಯ.

ಉಪಸಂಹಾರ

ಲಿನ್‌ಡ್ರಮ್ ತಯಾರಿಸಿದ ಸಂಸ್ಥೆ 1986ರಲ್ಲಿಯೇ ಮುಚ್ಚಿತು. ಆ ಕಾಲದ ಚಿಪ್‌ಗಳಿಗೆ ಈಗ ನಲವತ್ತು ವರ್ಷಗಳ ಆಸುಪಾಸು. ಅವುಗಳೊಳಗಿನ ಆವೇಶ ಮೆಲ್ಲಮೆಲ್ಲನೆ ಸೋರುತ್ತಿದೆ. ಯಂತ್ರದ ಹೊರಮೈ ಹೊಳೆಯುತ್ತಿದ್ದರೂ ಬರಹ ಅಳಿದ ದಿನ ಅದು ಮೂಕವಾಗುತ್ತದೆ. ನಕಲು ಎಲ್ಲಿಯೂ ಇಲ್ಲದಿದ್ದರೆ ಅದನ್ನು ಮತ್ತೆ ನುಡಿಸುವುದು ಬಹು ಕಷ್ಟ. ಆದುದರಿಂದ ವಾದ್ಯಗೋಷ್ಠಿಯ ದಿನಗಳ ಇಂತಹ ಯಂತ್ರವೇನಾದರೂ ನಮ್ಮ ಸದಸ್ಯರ ಮನೆಗಳಲ್ಲಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಬಲ್ಲವರಿಗೆ ತೋರಿಸಿ, ಚಿಪ್‌ನಲ್ಲಿರುವುದನ್ನು ನಕಲು ಮಾಡಿಸಬೇಕೆಂದು ವಿನಂತಿ. ಹೊಸ ನಾದ ತುಂಬಿಸುವ ವಿಚಾರ ಅನಂತರದ್ದು.